ಕೂರಿಸುವ ಜಂಬಣ್ಣನ ಎಡಗಾಲು

ಗೇಟಿನ ಚಿಲಕ ಎರಡು ಸಲ ಸದ್ದು ಮಾಡಿ ಸುಮ್ಮನಾಯಿತು. ಭದ್ರಾವತಿಯ ಹೊಸಮನೆಯ ಆ ಬೀದಿಗೆ ಗ್ಯಾಸಿನವನು ಬಂದರೆ ಸಿಲಿಂಡರನ್ನು ನೆಲಕ್ಕೆ ಕುಟ್ಟುತ್ತಾನೆ, ಸೊಪ್ಪಿನವಳು ಹಾಡಿದ ಹಾಗೆ ಕೂಗುತ್ತಾಳೆ, ನೆಂಟರು ಬೀದಿಯ ತುದಿಯಿಂದಲೇ ಮಾತು ಶುರು ಮಾಡುತ್ತಾರೆ. ಚಿಲಕ ಅಲ್ಲಾಡಿಸಿ ಬಾಯಿ ಬಿಡದೆ ನಿಲ್ಲುವವರು ಬಂದಿರುವುದು ಒಂದೇ ಕಾರಣಕ್ಕೆ. ದಾಕ್ಷಾಯಣಮ್ಮ ಒಗ್ಗರಣೆಯ ಉರಿ ಸಣ್ಣ ಮಾಡಿ, ಕಿಟಕಿಯಲ್ಲಿ ಬಗ್ಗಿ ನೋಡಿ, ಒಳಗಿದ್ದ ಗಂಡನಿಗೆ ಹೇಳಿದರು:

“ರೀ, ಯಾರೋ ಹೋಗಿದಾರೆ. ತಿಂಡಿ ತಿಂದ್ಕೊಂಡೇ ಹೊರಡಿ.”

ಜಂಬಣ್ಣ ತಿನ್ನಲಿಲ್ಲ. ಹೋದವರು ಕಾಯುತ್ತಾರೆ, ಅವರ ಮಂಡಿ ಕಾಯುವುದಿಲ್ಲ ಎಂದು ಟವೆಲ್ ಹೆಗಲಿಗೆ ಹಾಕಿಕೊಂಡರು.

ಅವರ ಜನರಲ್ಲಿ ತೀರಿಕೊಂಡವರನ್ನು ಮಲಗಿಸಿ ಮಣ್ಣು ಮಾಡುವ ಪದ್ಧತಿಯಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಪೂಜೆಗೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸುತ್ತಾರೆ. ಹಾಗೆ ಕೂತೇ ಬೀದಿಯಲ್ಲಿ ಸಾಗಬೇಕು, ಹಾಗೆ ಕೂತೇ ಗುಂಡಿಗೆ ಇಳಿಯಬೇಕು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು. ಮೈ ಸೆಟೆದುಕೊಳ್ಳುವುದರೊಳಗೆ ಕಾಲು ಮಡಚಿ ಆಗಬೇಕು. ತಡವಾದರೆ ನಾಲ್ಕು ಜನ ಸೇರಿ ಒತ್ತಬೇಕಾಗುತ್ತದೆ. ಒತ್ತುವವರಿಗೂ ಅದು ಚೆನ್ನಾಗಿರುವುದಿಲ್ಲ, ನೋಡುವವರಿಗೂ ಚೆನ್ನಾಗಿರುವುದಿಲ್ಲ. ಜಂಬಣ್ಣ ಅದನ್ನು ತಮ್ಮ ತಾಯಿ ಹೋದ ದಿನ ನೋಡಿದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಮನುಷ್ಯ. ಒತ್ತಿ ಕೂರಿಸಿದ್ದು ಯಾವುದೂ ಸರಿಯಾಗಿ ಕೂರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆಮೇಲೆ ಬೀದಿಯಲ್ಲಿ ಯಾರೇ ಹೋದರೂ ತಾವೇ ಮೊದಲು ಹೋಗಿ ನಿಂತರು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಮಂಡಿಗೆ ಸುತ್ತಿ, ಎಣ್ಣೆ ಹಚ್ಚಿ, ಬೆನ್ನಿಗೆ ಒಬ್ಬರನ್ನು ಕೊಟ್ಟು, ಮೊದಲು ಬಲಗಾಲು, ಆಮೇಲೆ ಎಡಗಾಲು ಮಡಚಿಸುತ್ತಿದ್ದರು. ಕಾರ್ಖಾನೆಯಿಂದ ನಿವೃತ್ತರಾಗುವ ಹೊತ್ತಿಗೆ ಫಿಟ್ಟರ್ ಜಂಬಣ್ಣ ಎಂದು ಯಾರೂ ಕರೆಯುತ್ತಿರಲಿಲ್ಲ. ಕೂರಿಸುವ ಜಂಬಣ್ಣ ಎಂದರೆ ಹಳೇನಗರದಿಂದ ಜನ್ನಾಪುರದವರೆಗೆ ಗೊತ್ತು.

ಕೂರಿಸುವಾಗ ಅವರು ತೀರಿಕೊಂಡವರ ಜೊತೆ ಮಾತಾಡುತ್ತಿದ್ದರು. ಅಂದು ಬೆಳಿಗ್ಗೆ ಹೋಗಿದ್ದವರು ಒಬ್ಬ ಹಳೆಯ ಮೇಷ್ಟ್ರು.

“ಮೇಷ್ಟ್ರೇ, ಸ್ವಲ್ಪ ಕಾಲು ಸಡಿಲ ಬಿಡಿ. ಹಾಂ, ಅಷ್ಟೇ. ಆಯ್ತು, ಆಯ್ತು.”

ಮೇಷ್ಟ್ರು ಕೂತರು. ಏಳಲಾಗದವರು ಜಂಬಣ್ಣ. ನೆಲಕ್ಕೆ ಮಂಡಿಯೂರಿದ್ದವರು ಎಡಗಾಲಿನ ಮೇಲೆ ಭಾರ ಹಾಕಿದ ಕೂಡಲೇ ಮಂಡಿಯೊಳಗೆ ಯಾರೋ ಸ್ಕ್ರೂಡ್ರೈವರ್ ತಿರುಗಿಸಿದ ಹಾಗಾಯಿತು. ಕ್ರಿಯೆಗೆ ಬಂದಿದ್ದ ಸಿದ್ದಯ್ಯನವರು, ಆ ಕಡೆಯ ಮನೆಗಳಿಗೆಲ್ಲ ಅವರೇ ಅಯ್ನೋರು, ಮಂತ್ರ ನಿಲ್ಲಿಸಿ ನೋಡಿದರು.

“ಏನ್ ಜಂಬಣ್ಣ, ಮೇಷ್ಟ್ರ ಜೊತೆ ನೀವೂ ಕೂತ್ಬಿಡೋ ಯೋಚನೇನಾ?”

“ಕಾಲು ಹಿಡ್ಕೊಂಡಿದೆ ಅಯ್ನೋರೇ. ಕೈ ಕೊಡಿ.”

ಇಬ್ಬರು ಕೈ ಕೊಟ್ಟು, ಒಬ್ಬರು ಹಿಂದಿನಿಂದ ನೂಕಿ ಅವರನ್ನು ಎಬ್ಬಿಸಿದರು. ಅಳುತ್ತಿದ್ದ ಮನೆಯವರೂ ಸ್ವಲ್ಪ ಹೊತ್ತು ಅಳು ಬಿಟ್ಟು ಅದನ್ನೇ ನೋಡಿದರು.

ಸುದ್ದಿ ಶಿವಮೊಗ್ಗಕ್ಕೆ ಜಂಬಣ್ಣನಿಗಿಂತ ಮೊದಲು ತಲುಪಿತು. ರವೀಂದ್ರನಗರದಲ್ಲಿದ್ದ ಮಗಳು ಶಾಂಭವಿ ಕಾಲೇಜಿಗೆ ರಜೆ ಹಾಕಿ, ಅಪ್ಪನನ್ನು ಮೂಳೆ ಡಾಕ್ಟರ ಮುಂದೆ ಕೂರಿಸಿದಳು. ಡಾಕ್ಟರ್ ದೀಪಶ್ರೀ ಸಣ್ಣ ಹೆಂಗಸು, ದೊಡ್ಡ ಕೈ.

“ಎಲ್ಲಿ ನೋವು ಯಜಮಾನ್ರೇ?”

ಜಂಬಣ್ಣ ಮಂಡಿ ತೋರಿಸಿದರು. ಡಾಕ್ಟರ್ ಮಂಡಿಯನ್ನು ಒತ್ತಿದರು, ಬಗ್ಗಿಸಿದರು, ಏನೂ ಆಗಲಿಲ್ಲ. ಆಮೇಲೆ ಮಲಗಿಸಿ ಇಡೀ ಕಾಲನ್ನು ಒಳಮುಖವಾಗಿ ಸ್ವಲ್ಪವೇ ತಿರುಗಿಸಿದರು. ಜಂಬಣ್ಣ ಮಂಚದ ಅಂಚನ್ನು ಹಿಡಿದರು.

“ಮಂಡಿ ಸುಳ್ಳು ಹೇಳ್ತಿದೆ. ತಪ್ಪು ಸೊಂಟದ ಕೀಲಿಂದು.”

ಎಕ್ಸ್‌ರೇ ನೋಡಿದಾಗ ಜಂಬಣ್ಣನಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ತೊಡೆಮೂಳೆಯ ಗುಂಡು, ಅದು ಕೂರುವ ಬಟ್ಟಲು. ಬಲಕ್ಕೆ ಎರಡರ ನಡುವೆ ಒಂದು ಕಪ್ಪು ಗೆರೆ ಇತ್ತು, ಎಡಕ್ಕೆ ಇರಲಿಲ್ಲ.

“ಬೇರಿಂಗ್ ಹೋಗಿದೆ” ಎಂದರು.

“ಅದೇ. ಬದಲಾಯಿಸಬಹುದು.”

“ಯಾವಾಗ?”

“ಅದನ್ನ ಎಕ್ಸ್‌ರೇ ಹೇಳಲ್ಲ, ನೀವೇ ಹೇಳ್ಬೇಕು. ಮಾತ್ರೆ, ವ್ಯಾಯಾಮ, ಕೈಯಲ್ಲೊಂದು ಕೋಲು, ಇದರಲ್ಲಿ ದಿನ ಸಾಗ್ತಿದ್ರೆ ಸಾಗ್ಲಿ. ನೋವಿಗೆ ನಿದ್ದೆ ಕೆಟ್ರೆ, ನಿಮ್ಮ ಕಾಲುಗುರು ನೀವೇ ತೆಗೆಯೋಕೆ ಆಗ್ದೇ ಇದ್ರೆ, ಬೇಕು ಅನ್ನೋ ಕೆಲಸ ಒಂದೊಂದೇ ಬಿಟ್ಟುಹೋದ್ರೆ ಬನ್ನಿ. ತೀರಾ ಬೇಗ ಮಾಡಿದ್ರೆ ಹೊಸ ಕೀಲು ನಿಮಗಿಂತ ಮೊದ್ಲೇ ಸವೆಯುತ್ತೆ. ತೀರಾ ತಡ ಮಾಡಿದ್ರೆ ಸುತ್ತಲಿನ ಮಾಂಸ ಸೊರಗಿ, ಕೀಲು ಹೊಸದಿದ್ರೂ ಎತ್ತಿ ನಡೆಸೋರು ಇರಲ್ಲ.”

ಜಂಬಣ್ಣ ತಲೆಯಾಡಿಸಿದರು. ಇದು ಕಾರ್ಖಾನೆಯ ಮಾತಿನ ಹಾಗೇ ಇತ್ತು, ಅರ್ಥವಾಯಿತು. ಆಪರೇಷನ್ ಆದಮೇಲೆ ಏನೇನು ಮಾಡಬಾರದು ಎಂದು ಶಾಂಭವಿ ಕೇಳಿದಳು.

“ನೆಲದ ಮೇಲೆ ಕೂರೋದು, ಕುಕ್ಕರಗಾಲಲ್ಲಿ ಕೂರೋದು, ಚಕ್ಕಳಮಕ್ಕಳ. ಇವೆಲ್ಲ ಬೇಡ.”

“ಎಷ್ಟು ದಿನ?” ಜಂಬಣ್ಣ ಕೇಳಿದರು.

“ಕೆಲವರು ಆಮೇಲಾಮೇಲೆ ಬಿಡ್ತಾರೆ. ನನ್ನ ಪೇಶೆಂಟುಗಳಿಗೆ ನಾನು ಯಾವತ್ತೂ ಬೇಡ ಅಂತೀನಿ. ಕೀಲು ಜಾರಿದ್ರೆ ಕಷ್ಟ.”

ಜಂಬಣ್ಣ ತಮ್ಮ ಚಪ್ಪಲಿ ನೋಡುತ್ತ ಕೂತರು. ಅಪ್ಪ ಆಪರೇಷನ್ನಿಗೆ ಹೆದರಿದ್ದಾರೆ ಎಂದುಕೊಂಡು ಮಗಳು ದಾರಿಯುದ್ದಕ್ಕೂ ಧೈರ್ಯ ಹೇಳಿದಳು. ಅವರು ಹೆದರಿದ್ದು ಆಪರೇಷನ್ನಿಗಲ್ಲ. ಹಿಂದೊಮ್ಮೆ ಅವರು ಒಬ್ಬ ಲಾರಿ ಡ್ರೈವರನ್ನು ಕೂರಿಸಲು ಹೋಗಿದ್ದರು. ಯಾವುದೋ ಅಪಘಾತದಲ್ಲಿ ಮುರಿದ ಅವನ ಕಾಲಿಗೆ ತೊಡೆಯಿಂದ ಮಂಡಿಯ ಕೆಳಗಿನವರೆಗೆ ಕಬ್ಬಿಣ ಹಾಕಿದ್ದರು. ಎಣ್ಣೆ ಹಚ್ಚಿದರು, ಬಿಸಿನೀರು ಸುತ್ತಿದರು, ಮಾತಾಡಿಸಿದರು. ಕಬ್ಬಿಣ ಯಾರ ಮಾತೂ ಕೇಳಲಿಲ್ಲ. ಕೊನೆಗೆ ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂರಿಸಿ, ಗುಂಡಿಯನ್ನು ಆ ಕಡೆಗೆ ಉದ್ದ ಮಾಡಿಸಿ ಇಳಿಸಿದರು. ಬಸ್ಸಿನಲ್ಲಿ ಕಾಲು ನೀಡಿ ಕೂತವನ ಹಾಗೆ ಕಾಣುತ್ತಿದ್ದ. ಅವನ ಹೆಂಡತಿ ಅದನ್ನು ಇವತ್ತಿಗೂ ಹೇಳಿಕೊಂಡು ಅಳುತ್ತಾಳೆ, ಸತ್ತಿದ್ದಕ್ಕಿಂತ ಹೆಚ್ಚಾಗಿ.

ಊರಿಗೆಲ್ಲ ಪದ್ಮಾಸನ ಹಾಕಿಸಿದವನು ತಾನು ಕಾಲು ನೀಡಿಕೊಂಡು ಹೋಗಬೇಕೇ? ಇದನ್ನು ಜಂಬಣ್ಣ ಯಾರ ಹತ್ತಿರವೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆಂದು ಗೊತ್ತಿತ್ತು. ಬೇರೆ ಕಾರಣಗಳು ಬೇಕಾಗಿದ್ದವು, ಹುಡುಕಿಕೊಂಡರು.

“ಈಗ ಬೇಡ. ಚಳಿಗಾಲ, ವಯಸ್ಸಾದೋರು ಜಾಸ್ತಿ ಹೋಗ್ತಾರೆ. ನಾನು ಹಾಸಿಗೆ ಹಿಡಿದ್ರೆ ಹೆಂಗೆ?”

“ಬೇಸಿಗೇಲಿ ಮಾಡ್ಸಿ” ಎಂದರು ದಾಕ್ಷಾಯಣಮ್ಮ.

“ಬೇಸಿಗೇಲಿ ಬಿಸ್ಲಿಗೆ ಹೋಗ್ತಾರೆ.”

“ಮಳೆಗಾಲ?”

“ಬಚ್ಚಲಲ್ಲಿ ಜಾರಿ ಬಿದ್ದು ಹೋಗ್ತಾರೆ.”

“ಹಂಗಾದ್ರೆ ಭದ್ರಾವತೀಲಿ ಯಾರೂ ಸಾಯದ ತಿಂಗಳು ಯಾವ್ದು ಅಂತ ಅಯ್ನೋರ ಹತ್ರ ಪಂಚಾಂಗ ತೆಗೆಸ್ಲಾ?”

ಜಂಬಣ್ಣ ಪೇಪರು ಎತ್ತಿಕೊಂಡರು. ಅವರು ಮೊದಲು ನೋಡುತ್ತಿದ್ದದ್ದು ಶ್ರದ್ಧಾಂಜಲಿಯ ಪುಟ.

ಹೀಗೆ ಒಂದು ಚಳಿಗಾಲ ಹೋಯಿತು, ಬೇಸಿಗೆ ಹೋಯಿತು, ಮತ್ತೊಂದು ಚಳಿಗಾಲವೂ ಬಂದು ಹೋಯಿತು. ಜಂಬಣ್ಣನ ಜಗತ್ತು ಸದ್ದಿಲ್ಲದೆ ಮೇಲಕ್ಕೆ ಏರುತ್ತಿತ್ತು. ನೆಲದಲ್ಲಿದ್ದದ್ದೆಲ್ಲ ಅವರ ಕೈ ಬಿಟ್ಟಿತು. ಮೊದಲು ಪೂಜೆಯ ಮಣೆ ಸ್ಟೂಲಿನ ಮೇಲೆ ಹೋಯಿತು. ಆಮೇಲೆ ಬಾರು ಕಟ್ಟುವ ಚಪ್ಪಲಿ ಹೋಗಿ ತೂರಿಸಿಕೊಳ್ಳುವ ಚಪ್ಪಲಿ ಬಂತು. ಭಾನುವಾರಗಳಂದು ದಾಕ್ಷಾಯಣಮ್ಮ ಅವರ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದರು, ಗಂಡನ ಮುಖ ನೋಡುತ್ತಿರಲಿಲ್ಲ. ಸಾವಿನ ಮನೆಗೆ ಹೋದರೆ ಜಂಬಣ್ಣನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದರು. ಅವರು ಅದರ ಮೇಲಿಂದಲೇ ಹೇಳುತ್ತಿದ್ದರು: ಮೆಲ್ಲಗೆ, ಎಳೀಬೇಡಿ, ಕಾಲು ಅವರದ್ದು, ನಿಮ್ಮದಲ್ಲ. ಕೇಳುವವರು ಅರ್ಧ ಕೇಳುತ್ತಿದ್ದರು.

ಸಂಜೆ ಭದ್ರಾ ಸೇತುವೆಯ ಕಡೆ ಅವರ ಜೊತೆ ನಡೆಯುತ್ತಿದ್ದವರು ಬಟ್ಟೆ ಅಂಗಡಿಯ ಮೂರ್ತಪ್ಪ. ಚಿಕ್ಕಂದಿನ ಸ್ನೇಹಿತ. ಎರಡು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಬಲಗಡೆಯ ಕೀಲು ಬದಲಾಯಿಸಿಕೊಂಡು ಬಂದಿದ್ದರು. ಈಗ ಅವರು ಮುಂದೆ ಹೋಗಿ, ನಿಂತು, ಹಿಂತಿರುಗಿ ನೋಡುವುದು ರೂಢಿಯಾಗಿತ್ತು.

“ಬಾ ಮಾರಾಯ, ಎಮ್ಮೆನೂ ನಿನಗಿಂತ ಮುಂದೆ ಹೋಯ್ತು. ಆ ಕಾಲು ಮಾಡಿಸ್ಕೊಳ್ಳೋಕೆ ನಿಂಗೇನು ರೋಗ? ಹೆಣಕ್ಕೇ ಹೆದರದೋನು ಡಾಕ್ಟರಿಗೆ ಹೆದರ್ತೀಯಲ್ಲ.”

“ಹೆದರಿಕೆ ಅಲ್ಲ.”

“ಮತ್ತೇನು?”

ಜಂಬಣ್ಣ ಸೇತುವೆಯ ಕಟ್ಟೆಗೆ ಒರಗಿ ಸ್ನೇಹಿತನ ಬಲಸೊಂಟವನ್ನು ನೋಡಿದರು.

“ನೀನು ಈಗ ಚಕ್ಕಳಮಕ್ಕಳ ಹಾಕ್ತೀಯಾ?”

“ನಮ್ಮನೇಲಿ ಚಿನ್ನಮ್ಮ ಬಿಟ್ರಲ್ವಾ? ಊಟಕ್ಕೆ ಟೇಬಲ್ಲು, ಪೂಜೆಗೆ ಕುರ್ಚಿ, ಮದ್ವೆ ಮನೆಗೆ ಹೋದ್ರೆ ಬಫೆ. ಎರಡು ವರ್ಷದಿಂದ ನೆಲ ಅನ್ನೋದನ್ನ ಬರೀ ಮೇಲಿಂದ ನೋಡ್ತಿದೀನಿ. ಯಾಕೆ?”

“ಸುಮ್ನೆ ಕೇಳ್ದೆ.”

ಮುಂದೆ ಕೇಳಲಾಗಲಿಲ್ಲ. ನಾಳೆ ತಾನು ಕೂರಿಸಬೇಕಾಗಬಹುದಾದ ಮನುಷ್ಯನ ಹತ್ತಿರ ನಿನ್ನನ್ನು ಹೇಗಪ್ಪಾ ಕೂರಿಸಲಿ ಎಂದು ಕೇಳುವುದು ಹೇಗೆ? ಮೂರ್ತಪ್ಪ ಮುಂದೆ ನಡೆದರು. ಅವರ ನಡಿಗೆ ಚೆನ್ನಾಗಿತ್ತು. ಪಾಪ, ಎಂದುಕೊಂಡರು ಜಂಬಣ್ಣ.

ಆಷಾಢ ಹಿಡಿದ ವಾರ, ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತಿ ದೇವರ ಪಟಕ್ಕೆ ಹೂ ಇಡುತ್ತಿದ್ದ ಮೂರ್ತಪ್ಪ ಎದೆ ಹಿಡಿದುಕೊಂಡು ಗಾದಿಯ ಮೇಲೆ ಒರಗಿದರು. ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಮುಗಿದಿತ್ತು.

ಜಂಬಣ್ಣ ಆಟೋದಲ್ಲಿ ಹೋದರು. ಅವರಿಗೆ ಅಳಲು ಸಮಯವಿರಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಮೂರ್ತಪ್ಪನನ್ನು ಮಲಗಿಸಿದ್ದರು. ಪಕ್ಕದಲ್ಲಿ ಸಿದ್ದಯ್ಯನವರು ವಿಭೂತಿ ನೆನೆಸುತ್ತಿದ್ದರು. ಮೂರ್ತಪ್ಪನ ಅಣ್ಣನ ಮಕ್ಕಳಿಬ್ಬರು ಕೈಕಟ್ಟಿಕೊಂಡು ನಿಂತಿದ್ದರು. ಕುರ್ಚಿ ಬಂತು. ಜಂಬಣ್ಣ ಅದನ್ನು ಪಕ್ಕಕ್ಕೆ ತಳ್ಳಿ, ಗೋಡೆ ಹಿಡಿದು, ನೋವನ್ನು ನುಂಗಿಕೊಂಡು ನೆಲಕ್ಕೇ ಇಳಿದರು.

“ಎಡಗಾಲು ಮೊದ್ಲು” ಎಂದರು.

“ಯಾವಾಗ್ಲೂ ಬಲ ಅಲ್ವಾ?” ಸಿದ್ದಯ್ಯ ಕೇಳಿದರು.

“ಇವತ್ತು ಎಡ.”

ಮೂರ್ತಪ್ಪನ ಎಡಗಾಲಿಗೆ ಯಾವ ಡಾಕ್ಟರೂ ಕೈ ಹಾಕಿರಲಿಲ್ಲ. ಆದರೂ ಅದು ಹಟ ಮಾಡಿತು. ಹಳೆಯ ಮಂಡಿ, ಹಳೆಯ ಸೊಂಟ. ಎಣ್ಣೆ ಹಚ್ಚಿ, ಬಿಸಿಬಟ್ಟೆ ಸುತ್ತಿ, “ಮೂರ್ತಿ, ಹಟ ಬೇಡ ಕಣೋ” ಎಂದು ಮಾತಾಡಿಸಿ, ಅಣ್ಣನ ಮಕ್ಕಳಿಬ್ಬರೂ ಕೈಹಾಕಿದ ಮೇಲೆ ಅಂತೂ ಒಪ್ಪಿತು. ಬಲಗಾಲು ಉಳಿಯಿತು. ಜಂಬಣ್ಣ ಅದನ್ನು ಮುಟ್ಟಲಿಲ್ಲ. ಗುಂಡಿ ತೋಡುವವರಿಗೆ ಉದ್ದಕ್ಕೆ ತೋಡಿ ಎಂದು ಈಗಲೇ ಹೇಳಿ ಕಳಿಸುವುದೋ, ನೋಡಿಕೊಂಡು ಹೇಳುವುದೋ ಎಂದು ಯೋಚಿಸಿದರು.

ಅಷ್ಟರಲ್ಲಿ ಒಳಗಿನಿಂದ ಚಿನ್ನಮ್ಮ ಬಂದರು. ಅತ್ತು ಅತ್ತು ಕಣ್ಣು ಬಾತಿತ್ತು. ಗಂಡನ ಕಾಲ ಬಳಿ ಜಂಬಣ್ಣ ಕೂತಿರುವುದನ್ನು ನೋಡಿ ಗಾಬರಿಯಾದರು.

“ಆ ಕಾಲು ಹುಷಾರು ಜಂಬಣ್ಣ. ಮಡಚಬಾರದು ಅಂತ ಡಾಕ್ಟರು ಹೇಳಿದಾರೆ.”

ಎರಡು ವರ್ಷ ಗಂಡನನ್ನು ನೆಲಕ್ಕೆ ಬಿಡದೆ ಕಾದ ಹೆಂಗಸು. ಜಂಬಣ್ಣ ಅವರ ಮುಖ ನೋಡಿ, ಡಾಕ್ಟರಿಗೆ ಹೇಳುವ ಧ್ವನಿಯಲ್ಲೇ ಹೇಳಿದರು:

“ಹುಷಾರಾಗೇ ಮಾಡ್ತೀನಮ್ಮ.”

ಒಂದು ಕೈ ಮಂಡಿಯ ಕೆಳಗೆ, ಒಂದು ಕೈ ಹಿಮ್ಮಡಿಗೆ ಕೊಟ್ಟು ಮೆಲ್ಲನೆ ಎತ್ತಿದರು. ಕಾಲು ಬಂತು. ತೊಡೆ ಹೊರಕ್ಕೆ ತೆರೆದುಕೊಂಡಿತು, ಮಂಡಿ ಬಾಗಿತು, ಪಾದ ಹೋಗಿ ಎಡತೊಡೆಯ ಕೆಳಗೆ ತಾನಾಗಿ ಸೇರಿತು. ಗ್ರೀಸ್ ಹಾಕಿದ ಹೊಸ ಕೀಲು ಹೇಗೆ ಬರುತ್ತದೋ ಹಾಗೆ. ಎಲ್ಲಿಯೂ ತಡೆಯಲಿಲ್ಲ, ಎಲ್ಲಿಯೂ ಸದ್ದಿಲ್ಲ.

ಜಂಬಣ್ಣ ಕಾಲನ್ನು ಬಿಡಿಸಿ ಮತ್ತೆ ನೀಡಿಸಿದರು.

“ಯಾಕೆ? ಸರಿ ಇತ್ತಲ್ಲ” ಎಂದರು ಸಿದ್ದಯ್ಯ.

“ಒಂಚೂರು ಓರೆ ಇತ್ತು.”

ಮತ್ತೆ ಮಡಚಿದರು. ಮತ್ತೆ ಬಂತು. ಓರೆ ಮೊದಲೂ ಇರಲಿಲ್ಲ, ಈಗಲೂ ಇರಲಿಲ್ಲ. ಅವರು ಸ್ನೇಹಿತನ ಮಂಡಿಯ ಮೇಲೆ ಕೈಯಿಟ್ಟುಕೊಂಡೇ ಇದ್ದರು. ಆಗ ಅವರಿಗೆ ಅಳು ಬಂತು. ಬಗ್ಗಿ, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದರು: “ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ.”

ಬೆನ್ನಿಗೆ ಬಟ್ಟೆ ಕಟ್ಟಿ ಗೋಡೆಗೆ ಒರಗಿಸಿದಾಗ ಮೂರ್ತಪ್ಪ ಲಕ್ಷಣವಾಗಿ ಕೂತಿದ್ದರು. ಗಾದಿಯ ಮೇಲೆ ಕೂತು ಗಿರಾಕಿಗೆ ಸೀರೆ ಬಿಚ್ಚುವ ಮೊದಲು ಕೂರುತ್ತಿದ್ದರಲ್ಲ, ಹಾಗೆ. ಚಿನ್ನಮ್ಮ ಎದುರಿಗೆ ಕೂತು ಬಹಳ ಹೊತ್ತು ನೋಡಿದರು. “ನೆಲಕ್ಕೆ ಕೂತ್ರು ನೋಡಿ” ಎಂದರು, ಅಷ್ಟೇ.

ಜಂಬಣ್ಣನನ್ನು ಎಬ್ಬಿಸಲು ಈ ಸಲ ನಾಲ್ಕು ಜನ ಬೇಕಾಯಿತು.

ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಜಂಬಣ್ಣ ಹಾಸಿಗೆಯ ಅಂಚಿನಲ್ಲಿ ಕೂತು ತಮ್ಮ ಎಡಗಾಲನ್ನು ಎರಡು ಕೈಯಲ್ಲಿ ಹಿಡಿದು ಬಲತೊಡೆಯ ಮೇಲೆ ತರಲು ನೋಡಿದರು. ಅರ್ಧಕ್ಕೂ ಬರಲಿಲ್ಲ. ದಾಕ್ಷಾಯಣಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಏನ್ ಮಾಡ್ತಿದೀರಿ?”

“ಇದು ಮಡಚಲ್ಲ ಕಣೇ.”

“ಅದು ಮಡಚದೆ ಒಂದು ವರ್ಷ ಆಯ್ತು. ಉಗುರು ಕತ್ತರಿಸೋಳು ನಾನು, ನಂಗೆ ಗೊತ್ತಿಲ್ವಾ?”

ಜಂಬಣ್ಣ ಹೆಂಡತಿಯನ್ನು ನೋಡಿದರು. ಕಬ್ಬಿಣ ಹಾಕಿಸಿಕೊಂಡರೆ ಎಲ್ಲಿ ಕೂರಲಾಗುವುದಿಲ್ಲವೋ ಎಂದು ಇಷ್ಟು ದಿನ ಕಾಪಾಡಿಕೊಂಡು ಬಂದ ಕಾಲು ಅದು. ಲಾರಿ ಡ್ರೈವರನ ಹಾಗೆ ನೀಡಿಕೊಂಡು ಹೋಗಲು ಅವರಿಗೆ ಕಬ್ಬಿಣವೇ ಬೇಕಾಗಿರಲಿಲ್ಲ.

ಮಾರನೇ ವಾರ ಶಾಂಭವಿ ಮತ್ತೆ ರಜೆ ಹಾಕಿದಳು. ಈ ಸಲ ದಾಕ್ಷಾಯಣಮ್ಮನೂ ಜೊತೆಗೆ ಬಂದಿದ್ದರು. ಡಾಕ್ಟರ್ ದೀಪಶ್ರೀ ಕಾಲನ್ನು ನೋಡಿದರು, ಎರಡು ತೊಡೆಗಳ ಸುತ್ತಳತೆಯನ್ನು ಟೇಪಿನಲ್ಲಿ ಹಿಡಿದರು. ಎಡದ್ದು ಸಣ್ಣಗಾಗಿತ್ತು.

“ರಾತ್ರಿ ನಿದ್ದೆ?”

“ಆ ಮಗ್ಗುಲಿಗೆ ಇಲ್ಲ.”

“ಉಗುರು?”

“ಇವಳು ತೆಗೀತಾಳೆ.”

“ಕೆಲಸ?”

“ಕುರ್ಚಿ ಮೇಲೆ ಕೂತು ಬಾಯಲ್ಲಿ ಮಾಡ್ತಿದೀನಿ.”

“ಹಂಗಾದ್ರೆ ಇನ್ನೂ ಯಾವ್ದಕ್ಕೆ ಕಾಯ್ತಿದೀರಿ?”

ಜಂಬಣ್ಣ ಒಮ್ಮೆ ಹೆಂಡತಿಯ ಕಡೆ, ಒಮ್ಮೆ ಮಗಳ ಕಡೆ ನೋಡಿದರು.

“ಮೇಡಂ, ಯಾವತ್ತೂ ಚಕ್ಕಳಮಕ್ಕಳ ಬೇಡ ಅಂದಿದ್ರಲ್ಲ ನೀವು.”

“ಹೌದು.”

“ಸತ್ತ ಮೇಲೂನಾ?”

ಶಾಂಭವಿ ಅಪ್ಪನ ಕಡೆ ತಿರುಗಿದಳು. ಡಾಕ್ಟರ್ ಪೆನ್ನು ಕೆಳಗಿಟ್ಟರು. ಅವರ ಮುಖದಲ್ಲಿ ನಗು ಬರಲಿಲ್ಲ. ಅದಕ್ಕೇ ಜಂಬಣ್ಣನಿಗೆ ಅವರ ಮೇಲೆ ಗೌರವ ಹುಟ್ಟಿತು.

“ಕೀಲು ಜಾರಿದ್ರೆ ನೋವಾಗುತ್ತೆ, ಮತ್ತೆ ಆಪರೇಷನ್ ಬೇಕಾಗುತ್ತೆ, ಅದಕ್ಕೆ ಬೇಡ ಅಂದಿದ್ದು. ಬದುಕಿರೋವರೆಗೆ ನನ್ನ ಮಾತು. ಆಮೇಲೆ ಹೆಂಗೆ ಬೇಕಾದ್ರೂ ಕೂತ್ಕೊಳ್ಳಿ, ನಾನು ನೋಡೋಕೆ ಬರಲ್ಲ.”

“ಮಡಚುತ್ತೆ ಮೇಡಂ. ನಾನು ನೋಡಿದೀನಿ.”

“ಎಲ್ಲಿ ನೋಡಿದ್ರಿ?”

“ಸ್ನೇಹಿತನ್ದು” ಎಂದರು ಜಂಬಣ್ಣ.

“ಇದಕ್ಕಾ ಅಪ್ಪಾಜಿ?” ಎಂದಳು ಶಾಂಭವಿ. “ಒಂದೂವರೆ ವರ್ಷದಿಂದ ಇದಕ್ಕಾ?”

“ನಿಮ್ಮಪ್ಪ ಬದುಕೋದಕ್ಕೆ ಯಾವತ್ತೂ ಇಷ್ಟು ಯೋಚನೆ ಮಾಡಿಲ್ಲ ಬಿಡು” ಎಂದರು ದಾಕ್ಷಾಯಣಮ್ಮ. ಸೆರಗಿನಿಂದ ಕಣ್ಣಿನ ತುದಿ ಒರೆಸಿಕೊಂಡಿದ್ದನ್ನು ಯಾರೂ ನೋಡಲಿಲ್ಲವೆಂದು ಅಂದುಕೊಂಡರು.

ಡಾಕ್ಟರ್ ಕ್ಯಾಲೆಂಡರ್ ಎಳೆದುಕೊಂಡರು. “ಆಷಾಢ ಅಂತ ಈಗ ಯಾರೂ ಬರಲ್ಲ. ಬುಧವಾರ ಖಾಲಿ ಇದೆ. ಶ್ರಾವಣ ಹುಟ್ಟಿದ್ರೆ ಕ್ಯೂ ಹಿಡೀಬೇಕು.”

“ಆಷಾಢದಲ್ಲಾ?” ದಾಕ್ಷಾಯಣಮ್ಮ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. “ಹೊಸದೊಂದು ಹಾಕ್ಸೋದು ಆಷಾಢದಲ್ಲಾ ಮೇಡಂ?”

“ಹಳೇದನ್ನ ತೆಗೆಸೋದು ಅಂದ್ಕೊಳ್ಳಿ ಅಮ್ಮ.”

“ಈ ಮಧ್ಯೆ ಊರಲ್ಲಿ ಯಾರಾದ್ರೂ ಹೋದ್ರೆ?” ಶಾಂಭವಿ ಅಪ್ಪನನ್ನು ಕೆಣಕಿದಳು. “ನೀವು ಹಾಸಿಗೇಲಿ ಇರ್ತೀರಲ್ಲ.”

“ಅಯ್ನೋರ ಹತ್ರ ದೊಡ್ಡ ಮೊಬೈಲಿದೆ. ವಿಡಿಯೋ ಕಾಲ್ ಮಾಡ್ತಾರೆ. ಮಲ್ಕೊಂಡೇ ಹೇಳ್ತೀನಿ.” ಜಂಬಣ್ಣ ಕೋಲೂರಿ ಎದ್ದರು. ಎದ್ದು ನಿಲ್ಲಲು ಹಿಡಿಯುವಷ್ಟು ಹೊತ್ತು ಹಿಡಿಯಿತು. “ಬುಧವಾರ ಅಂದ್ರೆ ಬುಧವಾರ. ರಕ್ತ ಕೊಡೋದು ಎಲ್ಲಿ ಮೇಡಂ?”

“ಹೊರಗೆ, ಕೊನೇ ರೂಮು. ನಿಧಾನ.”

“ಬುಧವಾರ ಅಷ್ಟಮಿ ಬರುತ್ತೇನೋ” ಎಂದು ದಾಕ್ಷಾಯಣಮ್ಮ ಬೆರಳು ಎಣಿಸತೊಡಗಿದರು. “ಶುಕ್ರವಾರ ಆದ್ರೂ ಪರ್ವಾಗಿಲ್ಲ. ರೀ, ನಿಲ್ರೀ, ಅಯ್ನೋರಿಗೊಂದು ಫೋನ್ ಮಾಡಿ ಕೇಳೋಣ.”

ಜಂಬಣ್ಣ ಆಗಲೇ ಬಾಗಿಲು ದಾಟಿದ್ದರು. ಎಡಗಾಲನ್ನು ಎಳೆದುಕೊಂಡು, ಹಿಂದೆ ಯಾರು ಕೇಳಿಸಿಕೊಳ್ಳುತ್ತಿದ್ದಾರೆಂದು ತಿರುಗಿ ನೋಡದೆ, ಕಾರಿಡಾರಿನಲ್ಲಿ ಹೋಗುತ್ತಲೇ ಹೇಳುತ್ತಿದ್ದರು: “ಇನ್ನೊಂದು ಮಾತು ಮೇಡಂ, ಆ ಹಳೇ ಕೀಲು ತೆಗೆದ್ಮೇಲೆ ಎಸೆದುಬಿಡ್ಬೇಡಿ, ಎಲ್ಲಿ ಸವೆದಿದೆ ಅಂತ ನಾನೊಂದ್ಸಲ ಕೈಯಲ್ಲಿ ಹಿಡಿದು ನೋಡ್ಬೇಕು.”